ತೂಕಕ್ಕೆ ಹೊರಟವಳು

ಮೇ 2, 1982. ತುಮಕೂರು

ಮರಳುಮೂಟೆ. ನಾನು ಮರಳುಮೂಟೆಗೆ ಸಮ.

ಮಧ್ಯಾಹ್ನ ಊಟಕ್ಕೆ ಕೂತು ಇವರು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ, ನಾಳೆ ನಾನೇ ಮರೆತುಬಿಡಬಾರದು. "ಖಾಲಿ ವ್ಯಾನು ಓಡಿಸಿದ್ರೆ ಎಲ್ಲಿ ಕಿರುಗುಟ್ಟುತ್ತೆ ಅಂತ ಗೊತ್ತಾಗಲ್ಲ ಜಮಾಲು. ಒಳಗೆ ತೂಕ ಇರ್ಬೇಕು. ಎರಡು ಮೂಟೆ ಮರಳು ಹಾಕ್ಕೊಳ್ಳೋಣ ಅಂತಿದ್ದೆ. ಆಮೇಲೆ ಅನ್ನಿಸ್ತು, ನೀನೇ ಬಂದ್ಬಿಡು. ಅಡಿಗೇನೂ ಆಗುತ್ತೆ."

ಅಡಿಗೇನೂ ಆಗುತ್ತೆ! ಮರಳುಮೂಟೆ ಅಡಿಗೆ ಮಾಡಲ್ಲವಲ್ಲ, ಅಷ್ಟರಮಟ್ಟಿಗೆ ನಾನು ಹೆಚ್ಚು.

ನನ್ನ ಗಂಡ ಅಬ್ದುಲ್ ರಶೀದ್ ಅಂದರೆ ಬಿ.ಎಚ್. ರಸ್ತೆಯಲ್ಲಿ ಎಲ್ಲರಿಗೂ ಗೊತ್ತು. ಲಾರಿ ಬಾಡಿ ಕಟ್ಟಿದರೆ ಅವನೇ ಕಟ್ಟಬೇಕು ಅಂತಾರೆ. ಅನ್ನೋರು ಯಾರೂ ನಮ್ಮನೆ ಒಳಗೆ ಬಂದು ನೋಡಿಲ್ಲ. ಒಂದೂವರೆ ರೂಮು, ಮೇಲೆ ತಗಡು, ನೀರಿಗೆ ಬೀದಿ ನಲ್ಲಿ. ಇಬ್ಬರು ಹೆಣ್ಣುಮಕ್ಕಳನ್ನ ಅದರಲ್ಲೇ ಬೆಳೆಸಿ ಮದುವೆ ಮಾಡಿ ಕಳಿಸಿದೆ. ಅಡಿಗೆ ಮೂಲೆಗೆ ಒಂದು ಹಲಗೆ ಹೊಡೆದುಕೊಡಿ ಅಂತ ಕೇಳಿ ಕೇಳಿ ನನ್ನ ತಲೆ ಬೆಳ್ಳಗಾಯ್ತು.

ಈಗ ಒಂದು ವರ್ಷದಿಂದ ಏನು ಕಟ್ಟುತ್ತಾ ಇದ್ದರು? ಸಿನಿಮಾ ಹೀರೋಯಿನ್ನಿಗೆ ಮನೆ. ಗಾಲಿ ಮೇಲಿನ ಮನೆ. ಹರಾಜಿನಲ್ಲಿ ಹಳೇ ವ್ಯಾನು ಹಿಡಿದು, ಮೇಲಿನದನ್ನೆಲ್ಲ ಕತ್ತರಿಸಿ ಬಿಸಾಕಿ, ತೇಗದಲ್ಲಿ ಹೊಸದಾಗಿ ಕಟ್ಟಿದಾರೆ. ಒಳಗೆ ಮಲಗೋಕೆ ಮಂಚ, ಮುಖ ತೊಳೆಯೋಕೆ ಬಿಳೀ ಬೇಸಿನ್ನು, ತಿರುಗಿಸಿದರೆ ನೀರು ಬರೋ ನಲ್ಲಿ, ಸುತ್ತ ಬಲ್ಬು ಹಾಕಿದ ಕನ್ನಡಿ, ಗ್ಯಾಸಿನ ಒಲೆ, ಬೊಂಬಾಯಿಂದ ತರಿಸಿದ ಕೆಂಪು ವೆಲ್ವೆಟ್ಟಿನ ಕುಶನ್ನು. ಹೊಲ ಗದ್ದೇಲಿ ಶೂಟಿಂಗ್ ಮಾಡುವಾಗ ಆ ಮಹಾರಾಣಿ ಬಟ್ಟೆ ಬದಲಾಯಿಸಬೇಕು, ನಿದ್ದೆ ಮಾಡಬೇಕು. ಬೆಂಗಳೂರಿನ ಪ್ರೊಡ್ಯೂಸರು ಹೇಳಿ ಮಾಡಿಸಿದ್ದು. ಕೊಡೋಕೆ ಮುಂಚೆ ಊರೂರು ಓಡಿಸಿ ನೋಡಿ, ಒಂದು ಮೊಳೆ ಸದ್ದು ಮಾಡಬಾರದು ಅಂತ ಅವರ ಮ್ಯಾನೇಜರು ಹೇಳಿದಾನಂತೆ. ಅದಕ್ಕೆ ಗುಬ್ಬಿ, ಕಡಬ, ಕುಣಿಗಲ್ಲು, ಆಮೇಲೆ ಬೆಂಗಳೂರು. ತೂಕಕ್ಕೆ ನಾನು.

ಹೀರೋಯಿನ್ನಿನ ಹೆಸರು ಬರೆಯಲ್ಲ. ಬರೆದರೆ ಈ ಪುಟವೂ ಅವಳದೇ ಆಗಿಬಿಡುತ್ತೆ.

ನಾನು ಬರೆಯೋದು ಕನ್ನಡದಲ್ಲಿ. ಊರ್ಡಿಗೆರೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ್ದು ಅದನ್ನೇ. ಇವರಿಗೆ ಬಸ್ಸಿನ ಬೋರ್ಡು ಬಿಟ್ಟರೆ ಕನ್ನಡ ಓದೋಕೆ ಬರಲ್ಲ. ಒಳ್ಳೇದಾಯ್ತು.

ಮೇ 4. ಗುಬ್ಬಿ

ತಂಗಿ ಫಾತಿಮುನ್ನೀಸಾ ಮನೆ ಮುಂದೆ ವ್ಯಾನು ನಿಂತಿದೆ, ಬೀದಿ ತುಂಬ ಜನ.

ವ್ಯಾನು ಓಡಿಸೋರು ಇಸಾಕ್ ಭಾಯಿ, ಇವರ ದೊಡ್ಡಪ್ಪನ ಮಗ. ಲಾರಿ ಓಡಿಸಿ ಓಡಿಸಿ ಒಂದು ಕಿವಿ ಮಂದ ಆಗಿದೆ, ನಾಲಿಗೆ ಮಾತ್ರ ಚೂಪು. ಇವರು ಹಿಂದೆ ನನ್ನ ಜೊತೆ ಕೂತು, ಕಣ್ಣು ಮುಚ್ಚಿಕೊಂಡು ಪೂರಾ ದಾರಿ ಕಿವಿಗೊಟ್ಟರು. ಎಲ್ಲಾದರೂ 'ಕಿರ್' ಅಂದರೆ ಹಲಗೆ ಮುಟ್ಟಿ ಮುಟ್ಟಿ ಹುಡುಕೋದು, ಕೂಸಿಗೆ ಜ್ವರ ಇದೆಯಾ ಅಂತ ನೋಡೋ ಹಾಗೆ. ನನಗೆ ಹೋದ ಚಳಿಗಾಲ ನಿಜವಾಗಿ ಜ್ವರ ಬಂದಾಗ ಹಣೆ ಮುಟ್ಟಿದ್ದು ಪಕ್ಕದ ಮನೆಯವಳು.

ವೆಲ್ವೆಟ್ಟಿನ ಮೇಲೆ ಯಾರೂ ಕೂರಬಾರದು. ನನಗೆ ನೆಲದ ಮೇಲೆ ಜಮಖಾನ ಹಾಸಿದಾರೆ. "ಕೂತ್ಕೋ ಅಂದ್ರೂ ಕೂರಲ್ಲ ನಾನು," ಅಂದೆ. ಕೂತ್ಕೋ ಅಂತ ಅವರು ಅನ್ನಲಿಲ್ಲ.

ಗುಬ್ಬಿ ಜನ ಸಾಲಾಗಿ ಬಂದು ನೋಡಿದರು. ಚಪ್ಪಲಿ ಹೊರಗೆ ಬಿಡಿಸಿ, ಇವರು ಒಬ್ಬೊಬ್ಬರಿಗೂ ನಲ್ಲಿ ತಿರುಗಿಸಿ ತೋರಿಸಿದ್ದೇ ತೋರಿಸಿದ್ದು. ಫಾತಿಮಾ ಬೇಸಿನ್ನಿನ ಅಂಚು ಸವರಿ, "ಅಕ್ಕಾ, ಭಾವನ ಕೈಯೋ ಕೈ! ನೀನು ಪುಣ್ಯ ಮಾಡಿದ್ದೆ ಕಣೇ," ಅಂದಳು.

"ಆ ಪುಣ್ಯ ಎಲ್ಲಾ ಬೆಂಗಳೂರಿಗೆ ಹೋಗ್ತಾ ಇದೆ," ಅಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಮೇ 5. ಗುಬ್ಬಿ

ಬೆಳಿಗ್ಗೆ ಯಾರೂ ಇಲ್ಲದಾಗ ಆ ಹೀರೋಯಿನ್ನಿನ ವ್ಯಾನಿಗೆ ಹತ್ತಿ ಕನ್ನಡಿ ಬಲ್ಬು ಹಾಕಿ ನೋಡಿಕೊಂಡೆ. ಗದ್ದದಲ್ಲಿ ಎರಡು ಬಿಳೀ ಕೂದಲು. ಇಷ್ಟು ವರ್ಷ ಇದ್ದವೋ ಏನೋ, ಬೆಳಕೇ ಇರಲಿಲ್ಲ ನೋಡೋಕೆ.

ಆರಿಸಿ ಇಳಿದೆ. ಇಡೀ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮೇ 6. ಮತ್ತೆ ಗುಬ್ಬಿ

ಇವತ್ತು ಆಗಿದ್ದು ಎಲ್ಲಾ ಬರೀತೀನಿ.

ಬೆಳಿಗ್ಗೆ ಕಡಬಕ್ಕೆ ಹೋದೆವು. ಕೆರೆ ಏರಿ ಕೆಳಗೆ ಹೊಂಗೆ ಮರದ ನೆರಳಿಗೆ ವ್ಯಾನು ನಿಲ್ಲಿಸಿ, ನಾನು ಹೊರಗೆ ಮೂರು ಕಲ್ಲಿಟ್ಟು ಅನ್ನಕ್ಕಿಟ್ಟೆ. ಒಳಗಿನ ಗ್ಯಾಸು ಹಚ್ಚೋ ಹಾಗಿಲ್ಲ, ಮಸಿ ಹಿಡಿಯುತ್ತೆ. ಅನ್ನ ಕುದಿಯೋ ಹೊತ್ತಿಗೆ ಏರಿ ಮೇಲಿಂದ ನನ್ನ ವಯಸ್ಸಿನವಳೊಬ್ಬಳು ತಲೆ ಕೆದರಿಕೊಂಡು ಓಡಿ ಬಂದಳು.

"ಅಣ್ಣಾ, ಗಾಡಿ ಗುಬ್ಬಿ ಕಡೀಕೆ ಓಯ್ತದಾ? ನಿಮ್ ದಮ್ಮಯ್ಯ ಕಣಣ್ಣಾ!"

ಹಿಂದೆಯೇ ನಾಲ್ಕು ಜನ ಗಂಡಸರು ಒಂದು ಮಂಚ ಹೊತ್ತು ತರುತ್ತಾ ಇದ್ದರು. ಮಂಚದ ಮೇಲೆ ತುಂಬು ಬಸುರಿ. ಓಡಿ ಬಂದವಳು ಅವಳ ಅತ್ತೆ, ರಂಗಲಕ್ಷ್ಮಮ್ಮ ಅಂತ. ಸೊಸೆ ಹನುಮಕ್ಕನಿಗೆ ನಿನ್ನೆ ಸಂಜೆಯಿಂದ ನೋವು, ಸೂಲಗಿತ್ತಿ ಕೈ ಚೆಲ್ಲಿ ಆಸ್ಪತ್ರೆಗೆ ಸಾಗಿಸಿ ಅಂದಳಂತೆ. ಮಧ್ಯಾಹ್ನದ ಬಸ್ಸು ಬರಲೇ ಇಲ್ಲ.

ಇಸಾಕ್ ಭಾಯಿಗೆ ಅರ್ಧ ಕೇಳಿಸಿತೋ ಇಲ್ಲವೋ, ಮಂಚ ನೋಡಿದ್ದೇ ಹೋಗಿ ಇಂಜಿನ್ ಸ್ಟಾರ್ಟ್ ಮಾಡಿಬಿಟ್ಟರು. ಇವರು ಮಾತ್ರ ವ್ಯಾನಿನ ಬಾಗಿಲಿಗೆ ಅಂಗೈ ಒತ್ತಿ ನಿಂತರು. ತೆಗೆಯೋಕಲ್ಲ. ತೆಗೀದೇ ಇರೋಕೆ.

"ಬೇರೆ ಯಾವ್ದಾದ್ರೂ ಗಾಡಿ... ಲಾರಿ ಗೀರಿ ಬರಬಹುದು," ಅಂದರು.

"ಬಾಗ್ಲು ಬಿಡಿ," ಅಂದೆ ನಾನು.

"ಜಮಾಲು, ವೆಲ್ವೆಟ್ಟು..."

ನನ್ನ ಕೈಯಲ್ಲಿ ಅನ್ನದ ಸೌಟು ಇತ್ತು. ಅದರಲ್ಲೇ ಇವರ ಕೈ ಮೇಲೆ ಹೊಡೆದೆ. ಕಡಬದ ಜನರ ಎದುರಿಗೆ. ಮದುವೆಯಾದ ಮೇಲೆ ಇವರ ಮೇಲೆ ಕೈ ಎತ್ತಿದವಳಲ್ಲ ನಾನು, ಅವರೂ ನನ್ನ ಮೇಲೆ ಎತ್ತಿದವರಲ್ಲ. ಕೈ ತೆಗೆದರು. ಹನುಮಕ್ಕನನ್ನ ಒಳಗೆ ತಂದು ಆ ಕೆಂಪು ಕುಶನ್ನಿನ ಮೇಲೇ ಮಲಗಿಸಿದೆವು. ಅನ್ನ ಒಲೆ ಮೇಲೇ ಉಳೀತು.

"ಇದೇನವ್ವಾ, ಆಸ್ಗೆನೋ ಸಿಂಮಾಸ್ನನೋ?" ಅಂದಳು ರಂಗಲಕ್ಷ್ಮಮ್ಮ, ಅಷ್ಟು ಗಾಬರಿಯಲ್ಲೂ.

ಇಸಾಕ್ ಭಾಯಿ ವ್ಯಾನು ಓಡಿಸಿದ ಹಾಗೆ ನಾನು ಯಾವ ಬಸ್ಸೂ ಹೋಗಿದ್ದು ಕಂಡಿಲ್ಲ. ಆದರೂ ಗುಬ್ಬಿ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಇಸಾಕ್ ಭಾಯಿ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಗೇಟಿನವನು ಕೈ ಆಡಿಸಿದ. "ಗೂಡ್ಸು ಬತ್ತಾ ಐತೆ ಸಾಬ್ರೇ. ತೆಗುದ್ರೆ ನನ್ ಕೆಲ್ಸ ಓಯ್ತದೆ."

"ತೆಗೀಬೇಡಪ್ಪ. ಇಲ್ಲೇ ಆಗೋಯ್ತದೆ," ಅಂದಳು ರಂಗಲಕ್ಷ್ಮಮ್ಮ.

ಅಲ್ಲೇ ಆಯ್ತು. ಗಂಡಸರು ಕೆಳಗಿಳಿದರು. ನಾನು ಪರದೆ ಎಳೆದೆ, ಕತ್ತಲೆ ಅಂತ ಕನ್ನಡಿ ಬಲ್ಬು ಪೂರಾ ಹಾಕಿದೆ. ನಲ್ಲಿ ತಿರುಗಿಸಿದೆ, ಒಂದೇ ತಿರುವಿಗೆ ನೀರು ಬಂತು. ಗ್ಯಾಸು ಹಚ್ಚಿ ಅದನ್ನೇ ಕಾಯಿಸಿದೆ. ಮಸಿ ಹಿಡಿದರೆ ಹಿಡೀಲಿ. ಹನುಮಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು, ಈಗಲೂ ಅಲ್ಲಿ ಉಗುರಿನ ಗುರುತಿದೆ. ಹತ್ತೊಂಬತ್ತು ವರ್ಷ ಇರಬೇಕು ಅವಳಿಗೆ. ನನ್ನ ಚಿಕ್ಕ ಮಗಳ ವಯಸ್ಸು. "ಅವ್ವಾ, ನಾನ್ ಸತ್ತೋಯ್ತೀನಿ ಕಣವ್ವಾ," ಅಂತಿದ್ದಳು. "ಸಾಯೋಕೆ ಇಲ್ಲಿ ಜಾಗ ಇಲ್ಲ, ಬಾಯಿ ಮುಚ್ಕೊಂಡು ತಿಣುಕು," ಅಂತ ಬೈದೆ. ಬೈಯೋದು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ.

ಗೂಡ್ಸು ಗಾಡಿ ದಡದಡ ಅಂತ ಹೋಗುವಾಗಲೇ ಮಗು ಬಂತು. ಅದರ ಬಾಯಿ ತೆರೆದಿತ್ತು, ಮುಖ ಕಿವುಚಿತ್ತು, ಸದ್ದೇ ಇಲ್ಲ. ನಾನೂ ರಂಗಲಕ್ಷ್ಮಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದಾದ ಮೇಲೊಂದು ಡಬ್ಬಿ, ಮುಗಿಯೋದೇ ಇಲ್ಲ. ಕೊನೇ ಡಬ್ಬಿ ದಾಟಿದ್ದೇ ತಡ, ಕಿವಿ ಹರಿದು ಹೋಗೋ ಹಾಗೆ ಅಳು ಕೇಳಿಸ್ತು. ಅಷ್ಟು ಹೊತ್ತೂ ಅಳುತ್ತಲೇ ಇತ್ತು ಅದು!

ಹೆಣ್ಣು ಮಗು. ಆಸ್ಪತ್ರೆ ಬಾಗಿಲಿಗೆ ನರ್ಸೇ ಬಂದು ವ್ಯಾನಿಗೆ ಹತ್ತಿ ಹೊಕ್ಕುಳ ಬಳ್ಳಿ ಕತ್ತರಿಸಿದಳು. ಹನುಮಕ್ಕನಿಗೆ ರಕ್ತ ಬಹಳ ಹೋಗಿದೆ, ಆದರೆ ಉಳಿದುಕೊಳ್ಳುತ್ತಾಳೆ ಅಂತ ಡಾಕ್ಟರು ಹೇಳಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟ ಇತ್ತಂತೆ.

ಅದನ್ನ ಇವರ ಹತ್ತಿರ ಹೋಗಿ ಹೇಳಿದೆ. ಬೇಕಂತಲೇ, ಎರಡು ಸಲ. "ಇನ್ನಷ್ಟು ತಡ ಆಗಿದ್ರೆ ಕಷ್ಟ ಇತ್ತಂತೆ. ಬೇರೆ ಲಾರಿ ಗೀರಿ ಬರೋ ತನಕ."

ಸೌಟಿನ ಏಟು ಬಿದ್ದ ಇವರ ಎಡಗೈ ಬೆರಳಿನ ಗೆಣ್ಣು ಊದಿಕೊಂಡಿತ್ತು. ಇಸಾಕ್ ಭಾಯಿ ನನ್ನ ಪಕ್ಕಕ್ಕೆ ಬಂದು, ಗೇಟಿನ ಹತ್ತಿರ ಪೂರಾ ಹೊತ್ತು ಇವರು ವ್ಯಾನಿನ ಕಿಟಕಿಗೆ ಬೆನ್ನು ಕೊಟ್ಟು ನಿಂತು, ನೋಡೋಕೆ ಬಂದವರನ್ನೆಲ್ಲ ದೂರ ಕಳಿಸುತ್ತಿದ್ದರು ಅಂದರು. ಕಳಿಸಲಿ. ಅಷ್ಟೂ ಮಾಡದಿದ್ದರೆ ಹೇಗೆ?

ಮೇ 7

ಮಾತಿಲ್ಲ. ಅವರೂ ಇಲ್ಲ, ನಾನೂ ಇಲ್ಲ. ಇಸಾಕ್ ಭಾಯಿ ಇಬ್ಬರ ಪಾಲಿನ ಮಾತೂ ತಾವೇ ಆಡಿಕೊಂಡು ಕುಣಿಗಲ್ ತನಕ ವ್ಯಾನು ಓಡಿಸಿದರು.

ಮೇ 8. ಕುಣಿಗಲ್

ಕುಣಿಗಲ್ ಕೆರೆ ಮೆಟ್ಟಿಲ ಮೇಲೆ ಕೂತು ಇವರು ವೆಲ್ವೆಟ್ಟು ತೊಳೆದರು. ಮೊದಲು ಬರೀ ನೀರು, ಆಮೇಲೆ ಅಂಟುವಾಳ, ಆಮೇಲೆ ನಿಂಬೆಹಣ್ಣು. ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ. ಕಲೆ ಹೋಗಲಿಲ್ಲ. ಕೆಂಪಿನ ಮೇಲೆ ಕಂದು, ಅಂಗೈಯಗಲ ಎರಡು ಕಡೆ.

ನಾನು ದೂರದಲ್ಲಿ ನಿಂತು ನೋಡುತ್ತಾ, ಈಗ ಬೈತಾರೆ, ಈಗ ಬೈತಾರೆ ಅಂತ ಕಾಯುತ್ತಾ ಇದ್ದೆ. ನಿನ್ನಿಂದಲೇ ಆಗಿದ್ದು, ಒಂದು ವರ್ಷದ ಕೆಲಸ ಹಾಳು ಮಾಡಿದೆ ಅಂತ ಒಂದು ಮಾತು ಅಂದಿದ್ದರೆ ನನಗೂ ಅನ್ನೋಕೆ ಸಾವಿರ ಇತ್ತು. ಅನ್ನಲಿಲ್ಲ. ಈ ಮನುಷ್ಯನ ಜೊತೆ ಜಗಳ ಆಡೋದು ಗೋಡೆಗೆ ಕಲ್ಲು ಹೊಡೆದ ಹಾಗೂ ಅಲ್ಲ. ಗೋಡೆಯಾದರೂ ಸದ್ದು ಮಾಡುತ್ತೆ.

ಕೊನೆಗೆ ನಾನೇ ಹತ್ತಿರ ಹೋಗಿ, "ತಿರುಗಿಸಿ ಹೊಲಿದ್ರೆ?" ಅಂದೆ.

"ಹಿಂದ್ಗಡೆ ಮಿಂಚಿಲ್ಲ," ಅಂದರು. ಮತ್ತೆ ನಿಂಬೆ ಉಜ್ಜುತ್ತಾ, ತಲೆ ಎತ್ತದೇ ಹೇಳಿದರು: "ಅವತ್ತು ಬಾಗ್ಲ ಮೇಲೆ ಕೈ ಇತ್ತಲ್ಲ. ತೆಗೀಬೇಕು ಅಂತಾನೇ ಇದ್ದೆ ಜಮಾಲು. ಕೈ ಬರ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಾಗ್ತಾ ಇಲ್ಲ."

"ಗೊತ್ತಾಗೋ ತನಕ ತೊಳೀರಿ," ಅಂದು ಬಂದುಬಿಟ್ಟೆ.

ಹಾಗೆ ಅನ್ನಬಾರದಿತ್ತು. ಇರಲಿ, ಅಂದಾಯ್ತು.

ಮೇ 9. ಕುಣಿಗಲ್

ಸುದ್ದಿ ಬಸ್ಸಿಗಿಂತ ಮುಂಚೆ ಬರುತ್ತೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಟೀಗೆ ನಿಲ್ಲಿಸಿದರೆ ಜನ ಮುತ್ತಿಕೊಂಡರು. "ಇದೇನಾ ಎರಿಗೆ ವ್ಯಾನು?" ಅಂತಾರೆ! ಹೆಂಗಸರು ಕಂಕುಳಲ್ಲಿ ಮಕ್ಕಳನ್ನ ಎತ್ತಿಕೊಂಡೇ ಹತ್ತೋಕೆ ಬಂದರು. ಇವರು ನಟ್ಟು ಬಿಗಿ ಮಾಡೋಕೆ ವ್ಯಾನಿನ ಅಡಿಗೆ ಹೋಗಿದ್ದರು, ಇಸಾಕ್ ಭಾಯಿ ಟೀ ಕುಡಿಯುತ್ತಾ ನಗುತ್ತಾ ಇದ್ದರು. ಚಪ್ಪಲಿ ಬಿಟ್ಟು ಹತ್ತಿ, ಬೇಸಿನ್ನಿನ ಮೇಲೆ ಭಾರ ಹಾಕಬೇಡಿ, ಪರದೆ ಎಳೀಬೇಡಿ ಅಂತ ಎಲ್ಲಾ ನಾನೇ ಕಿರುಚಬೇಕಾಯ್ತು. ಒಬ್ಬಳು ನಲ್ಲಿ ಜೋರಾಗಿ ತಿರುಚಿದಳು, ಅವಳ ಕೈ ಹಿಡಿದು ಹೇಗೆ ತಿರುಗಿಸಬೇಕು ಅಂತ ತೋರಿಸಿದೆ. ನೀರು ಎಲ್ಲಿಂದ ಬರುತ್ತೆ ಅಂದಳು. ಮೇಲೆ ಟ್ಯಾಂಕಿದೆ, ಅದರೊಳಗೆ ನೀರು ಅಲ್ಲಾಡಬಾರದು ಅಂತ ಮೂರು ಅಡ್ಡಗೋಡೆ ಇಟ್ಟಿದಾರೆ ಅಂದೆ.

ಗಂಟಲು ಕಟ್ಟಿದೆ. ಜನಕ್ಕೆ ಸ್ವಲ್ಪವೂ ನಾಚಿಕೆ ಇಲ್ಲ. ನಾಳೆ ಬೆಂಗಳೂರಿಗೆ ಒಪ್ಪಿಸಿಬಿಟ್ಟರೆ ಸಾಕಾಗಿದೆ.

ಮೇ 10. ಬೆಂಗಳೂರು, ಆಮೇಲೆ ನೆಲಮಂಗಲ

ಎಲ್ಲಿಂದ ಶುರು ಮಾಡಲಿ? ಹಲ್ಲು ಕಚ್ಚಿ ಕಚ್ಚಿ ದವಡೆ ನೋಯ್ತಾ ಇದೆ.

ಬೆಳಿಗ್ಗೆ ಬೇಗ ಬಿಟ್ಟೆವು. ನೆಲಮಂಗಲ ದಾಟಿದ ಮೇಲೆ ಲಾರಿ, ಬಸ್ಸು, ಆಟೋ, ಹೊಗೆ. ಮೆಜೆಸ್ಟಿಕ್ಕಿನ ಹತ್ತಿರ ನಾನು ಕಿಟಕಿ ಪರದೆ ಸರಿಸಿ ನೋಡಿದರೆ ಜಾತ್ರೆಗಿಂತ ಹೆಚ್ಚು ಜನ, ಆದರೆ ಯಾರೂ ಯಾರ ಮುಖವನ್ನೂ ನೋಡಲ್ಲ. ನಮ್ಮ ವ್ಯಾನನ್ನೂ ನೋಡಲಿಲ್ಲ. ಗುಬ್ಬಿಯಲ್ಲಿ ಬೀದಿ ತುಂಬಿದ್ದು ನೆನೆದು ಇವರ ಮುಖ ಸಣ್ಣಗಾಯ್ತು. ನನಗೆ ಬೆಂಗಳೂರಿನ ಮೇಲೇ ಸಿಟ್ಟು ಬಂತು. ಕಣ್ಣಿಲ್ಲವಾ ಇವಕ್ಕೆ?

ಪ್ರೊಡ್ಯೂಸರ ಬಂಗಲೆ ದೊಡ್ಡ ಕಾಂಪೌಂಡು. ಪ್ರೊಡ್ಯೂಸರು ಇರಲಿಲ್ಲ, ಹೀರೋಯಿನ್ನೂ ಇರಲಿಲ್ಲ. ಇದ್ದವನು ಮ್ಯಾನೇಜರು, ಸಫಾರಿ ಸೂಟು, ಬಾಯಲ್ಲಿ ಲವಂಗ. ಶೂ ಬಿಚ್ಚದೇ ವ್ಯಾನು ಹತ್ತಿದ. ಇವರು ಕೆಳಗೆ ಕೈ ಕಟ್ಟಿ ನಿಂತಿದ್ದರು. ಕನ್ನಡಿ ನೋಡಿದ, ತಲೆ ಬಾಚಿಕೊಂಡ. ನಲ್ಲಿ ತಿರುಗಿಸಿದ. "ಪರವಾಗಿಲ್ಲವೇ, ಚೆನ್ನಾಗಿ ಮಾಡಿದೀರ," ಅಂದ. ಆಮೇಲೆ ಕುಶನ್ನು ನೋಡಿದ.

"ಏನ್ರೀ ಇದು ಕಲೆ?"

"ಎಲೆ ಅಡಿಕೆ ಸಾರ್, ನಂದೇ ತಪ್ಪು, ಉಗುಳಿಬಿಟ್ಟೆ," ಅಂದರು ಇಸಾಕ್ ಭಾಯಿ ತಕ್ಷಣ. ಎಲೆ ಅಡಿಕೆ ಮುಟ್ಟಿದವರೇ ಅಲ್ಲ ಅವರು.

ಇವರು ಅಂದರು: "ಅಲ್ಲ ಸಾರ್. ದಾರೀಲಿ ಒಂದು ಹೆರಿಗೆ ಆಯ್ತು."

ನಾನು ಇವರ ಮುಖ ನೋಡಿದೆ. ಹೇಳಿಯೇ ಬಿಟ್ಟರು.

ಮ್ಯಾನೇಜರು ಮೊದಲು ನಕ್ಕ. ಆಮೇಲೆ ಬೆಂಕಿ ಮೇಲೆ ಕಾಲಿಟ್ಟವನ ಹಾಗೆ ವ್ಯಾನಿನಿಂದ ಇಳಿದ, ಇಳಿದು ಶೂ ಹುಲ್ಲಿಗೆ ಒರೆಸಿದ. "ಹೆರಿಗೆ? ಇದ್ರಲ್ಲಿ? ಮೇಡಂ ಮಲಗೋ ಜಾಗದಲ್ಲಿ ಯಾವಳೋ ಹಳ್ಳಿಯವಳು... ಥೂ! ಮೇಡಂಗೆ ಗೊತ್ತಾದ್ರೆ ಈ ಗಾಡಿ ಪಕ್ಕಕ್ಕೂ ಬರಲ್ಲ. ಇನ್ನೂ ಮುಹೂರ್ತ ಆಗ್ಬೇಕಿರೋ ಪಿಕ್ಚರ್ರೀ ಇದು! ಟೆಸ್ಟ್ ಮಾಡಿ ಅಂದ್ರೆ ಮನೆ ಮಂದಿಯೆಲ್ಲ ಹತ್ಕೊಂಡು ಪಿಕ್ನಿಕ್ ಹೊರಟ್ರಾ?" ನನ್ನ ಕಡೆ ಗಲ್ಲ ಎತ್ತಿ ತೋರಿಸಿದ. "ಕುಶನ್ನು, ನೆಲ, ಮಂಚ, ಬೇಸಿನ್ನು, ಎಲ್ಲಾ ಕಿತ್ತು ಹೊಸದು ಹಾಕಿ. ನಿಮ್ ಖರ್ಚಲ್ಲಿ. ಅಲ್ಲೀ ತನಕ ಕಣ್ಣಿಗೆ ಕಾಣ್ಸಬೇಡಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು "ಆಯ್ತು ಸಾರ್" ಅಂದರು.

ಆಯ್ತು ಸಾರ್!

ಆ ಮಗುವಿನ ಮುಖಕ್ಕೆ ಉಗುಳಿದ ಹಾಗೆ ಮಾತಾಡಿದವನಿಗೆ ಆಯ್ತು ಸಾರ್! ನನ್ನನ್ನ ಗಲ್ಲದಲ್ಲಿ ತೋರಿಸಿದವನಿಗೆ ಆಯ್ತು ಸಾರ್! ಇವರು ಇಸಾಕ್ ಭಾಯಿಯನ್ನ ಪಕ್ಕಕ್ಕೆ ಕೂರಿಸಿ ಸ್ಟಿಯರಿಂಗ್ ತಾವೇ ಹಿಡಿದು, ಕಾಂಪೌಂಡಿನಿಂದ ಹೊರಗೆ ತೆಗೆದರು. ನಾನು ಹಿಂದೆ ಒಬ್ಬಳೇ. ಹೋಗಿ ಆ ಕುಶನ್ನಿನ ಮೇಲೇ ಕೂತೆ. ನೆಲಮಂಗಲದ ತನಕ ಎಲ್ಲೂ ನಿಲ್ಲಿಸಲಿಲ್ಲ.

ನೆಲಮಂಗಲದ ಹತ್ತಿರ ಹುಣಸೆಮರದ ಕೆಳಗೆ ನಿಲ್ಲಿಸಿ, ಇಳಿದು ಬಂದು ಹಿಂದಿನ ಬಾಗಿಲು ತೆಗೆದರು.

"ನಾನು ಒಂದು ಹಲಗೇನೂ ಕೀಳಲ್ಲ," ಅಂದರು.

"ಅಲ್ಲಿ ಹೇಳೋಕೇನಾಗಿತ್ತು ರೋಗ?" ನಾನು ಕಿರುಚಿದೆ. ದಾರೀಲಿ ಹೋಗೋ ಸೈಕಲ್ಲಿನವನು ನಿಂತು ನೋಡಿದ. "ಅಲ್ಲಿ ಕೈ ಕಟ್ಕೊಂಡು ಸಾರ್, ಇಲ್ಲಿ ಮರದ ಕೆಳಗೆ ಹುಲಿ!"

"ಅಲ್ಲಿ ಹೇಳಿದ್ರೆ ಅವನು ವಾದ ಮಾಡ್ತಿದ್ದ. ವಾದ ಮಾಡಿದ್ರೆ ನಾನು ಸೋಲ್ತೀನಿ. ನಂಗೆ ಮಾತು ಬರಲ್ಲ ಅಂತ ನಿಂಗೆ ಗೊತ್ತಲ್ಲ." ಆಮೇಲೆ ನಿಧಾನಕ್ಕೆ ಹೇಳಿದರು: "ಮೊದ್ಲು ವ್ಯಾನು ಅವನ ಕಾಂಪೌಂಡಿಂದ ಆಚೆ ಬರ್ಬೇಕಾಗಿತ್ತು. ಅದಕ್ಕೆ ಆಯ್ತು ಅಂದೆ."

ಇಸಾಕ್ ಭಾಯಿ ಮುಂದಿನಿಂದ, "ಏನಂತೆ? ಏನಂತೆ?" ಅಂತಾ ಇದ್ದರು.

ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಆದರೆ ಆ ಮ್ಯಾನೇಜರ ಶೂ ಗುರುತು ನೆಲದ ಮೇಲೆ ಹಾಗೇ ಇತ್ತು. ಸೆರಗು ಒದ್ದೆ ಮಾಡಿ, ಉಜ್ಜಿ ಉಜ್ಜಿ ಒರೆಸಿದೆ. ನಮ್ಮ ವ್ಯಾನಿಗೆ ಯಾವನೂ ಶೂ ಹಾಕಿಕೊಂಡು ಹತ್ತಬಾರದು.

ಮೇ 23. ತುಮಕೂರು

ಇವತ್ತು ಶೆಡ್ಡಿಗೆ ಬುತ್ತಿ ತಗೊಂಡು ಹೋದಾಗ ಬಿಳೀ ಕಾರು ನಿಂತಿತ್ತು. ಅದೇ ಮ್ಯಾನೇಜರು, ಅದೇ ಲವಂಗ. ಈ ಸಲ ನಗುಮುಖ. ಇನ್ನು ಹದಿನೈದು ದಿನಕ್ಕೆ ಶೂಟಿಂಗ್ ಶುರುವಂತೆ, ಬೇರೆ ಕಡೆ ಮಾಡಿಸೋಕೆ ಟೈಮಿಲ್ಲವಂತೆ. "ಮೇಡಂಗೆ ಏನೂ ಹೇಳಿಲ್ಲ ರಶೀದ್ ಸಾಬ್ರೇ. ಕುಶನ್ನೊಂದು ಬದಲಾಯಿಸಿಬಿಡಿ, ಸಾಕು. ಒಪ್ಪಿಕೊಂಡ ದುಡ್ಡು ಪೂರ್ತಿ ಕೊಡಿಸ್ತೀನಿ. ಯಾರಿಗೆ ಗೊತ್ತಾಗುತ್ತೆ?"

ಇವರು ಮರ ಹೆರೆಯೋ ರಂದ ಕೆಳಗಿಟ್ಟು ನನ್ನ ಕಡೆ ನೋಡಿದರು. ಬುತ್ತಿ ಹಿಡಿದು ಬಾಗಿಲಲ್ಲಿ ನಿಂತವಳನ್ನ ನೋಡೋದು ಯಾಕೆ? ವ್ಯಾನು ಕಟ್ಟಿದವರು ಯಾರು, ಕೆಟ್ಟವಳಾಗಬೇಕಾದವಳು ಯಾರು? ಆ ಮ್ಯಾನೇಜರೂ ಇವರ ಕಣ್ಣು ಹಿಡಿದು ನನ್ನ ಕಡೆ ತಿರುಗಿದ. ಇಬ್ಬರು ಗಂಡಸರು ನನ್ನ ಮುಖ ನೋಡುತ್ತಾ ನಿಂತಿದಾರೆ!

"ಮಾರೋಕಿಲ್ಲ," ಅಂದೆ.

"ಏನಮ್ಮಾ?"

"ಕನ್ನಡದಲ್ಲೇ ಹೇಳಿದ್ದು. ಆ ವ್ಯಾನು ಮಾರೋಕಿಲ್ಲ. ಒಂದು ಹೆಣ್ಣು ಹುಟ್ಟಿದ ಜಾಗ ಅದು. ನಿಮ್ ಮೇಡಂ ಬಂದು ಚಪ್ಪಲಿ ಬಿಟ್ಟು ಕೇಳಿದ್ರೆ ಒಂದು ಲೋಟ ನೀರು ಕೊಡ್ತೀನಿ, ಅದೇ ನಲ್ಲೀದು. ನಿಮಗೆ ಅದೂ ಇಲ್ಲ."

ಮುಂಗಡ ವಾಪಸ್ ಕೊಡಬೇಕಾಗುತ್ತೆ ಅಂತ ಅವನು ಇವರನ್ನ ಹೆದರಿಸಿದ. "ಎರಡು ಲಾರಿ ಬಾಡಿ ಕಟ್ಟಿ ತೀರಿಸ್ತೀನಿ ಸಾರ್," ಅಂದರು ಇವರು. ಕಾರು ಧೂಳೆಬ್ಬಿಸಿಕೊಂಡು ಹೋಯ್ತು.

ಸಂಜೆ ಮನೆಗೆ ಬಂದು ಕೂತ ಮೇಲೆ ಯೋಚನೆ ಶುರುವಾಯ್ತು. ಏನು ಮಾಡಿಬಿಟ್ಟೆ ನಾನು? ಆ ವ್ಯಾನು ಯಾವಾಗ ತೊಲಗುತ್ತೋ ಅಂತ ಕಾಯುತ್ತಿದ್ದವಳು ನಾನೇ ಅಲ್ಲವಾ? ಇವರಾದರೂ ತಡೀಬಾರದಿತ್ತಾ? ತಡೆಯೋ ಬದಲು ದಾಲ್ ಬಹಳ ಚೆನ್ನಾಗಿದೆ ಅಂತ ಎರಡು ಸಲ ಬಡಿಸಿಕೊಂಡು ತಿಂದರು. ನೋಡಿ ಮೈಯೆಲ್ಲ ಉರೀತು.

ಜೂನ್ 13. ತುಮಕೂರು

ಬರೆಯೋಕೆ ಪುರುಸೊತ್ತಿಲ್ಲ. ವ್ಯಾನು ಬಾಡಿಗೆಗೆ ಕೊಡ್ತಾರೆ ಅಂತ ಯಾರೋ ಹಬ್ಬಿಸಿ, ದಿನಾ ಒಬ್ಬರಲ್ಲ ಒಬ್ಬರು. ಹೋದ ವಾರ ಗುಬ್ಬಿಯಿಂದ ಒಬ್ಬ ಮುದುಕನನ್ನ ಕಣ್ಣಿನ ಆಪರೇಷನ್ನಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದೆವು. ಇಸಾಕ್ ಭಾಯಿ ಪೂರಾ ದಾರಿ ಅವನ ಜೊತೆ ಮಾತಾಡಿದರು, ಒಬ್ಬನಿಗೆ ಕಾಣಿಸಲ್ಲ, ಇನ್ನೊಬ್ಬರಿಗೆ ಕೇಳಿಸಲ್ಲ.

ಇವತ್ತು ನನ್ನ ಊರ್ಡಿಗೆರೆಯಿಂದಲೇ ಮದುವೆ ಪಾರ್ಟಿ. ಯಜಮಾನರು ಚನ್ನವೀರಯ್ಯ ಅಂತ, ಜರಿ ಪೇಟ, ಹಿಂದೆ ಮೂರು ಜನ. ಮದುಮಗಳನ್ನ ಕುಣಿಗಲ್ಲಿಗೆ ಈ ವ್ಯಾನಿನಲ್ಲೇ ಕರೆದುಕೊಂಡು ಹೋಗಬೇಕಂತೆ. ಶೆಡ್ಡಿಗೆ ಹೋಗಿ ಇವರನ್ನ ಕೇಳಿದ್ದಾರೆ. ಇವರು ಲಾರಿ ಬಾಡಿ ಕೆಲಸದಲ್ಲಿ ಮುಳುಗಿ, ತಲೆ ಎತ್ತದೇ, "ನಂಗೆ ಗೊತ್ತಿಲ್ಲ, ಮನೇಲಿ ಕೇಳಿ," ಅಂದು ಕಳಿಸಿದ್ದಾರೆ. ತಮಗೆ ಬೇಡವಾದ ಮಾತೆಲ್ಲ ನನ್ನ ತಲೆಗೆ ಕಟ್ಟೋದು ಇವರಿಗೆ ಈಗ ರೂಢಿಯಾಗಿದೆ. ರಾತ್ರಿ ಬರಲಿ, ಇದೆ.

ಚನ್ನವೀರಯ್ಯನವರಿಗೆ ಬಾಗಿಲಲ್ಲೇ ಎಲ್ಲಾ ಹೇಳಿದೆ. ಚಪ್ಪಲಿ ಒಳಗೆ ತರಬಾರದು. ಬೀಡಿ ಇಲ್ಲ. ಕುಶನ್ನಿನ ಮೇಲೆ ಎರಡು ಕಲೆ ಇವೆ, ಅವು ಏನು ಅಂತ ಕೇಳಿದರೆ ಹೇಳ್ತೀನಿ, ಕೇಳಿ ಮುಖ ಸಿಂಡರಿಸಬಾರದು.

"ಆಯ್ತು ತಾಯಿ," ಅಂದರು.

"ಇನ್ನೊಂದು. ದಾರೀಲಿ ಯಾರಾದ್ರೂ ಹೆಣ್ಣುಮಗಳಿಗೆ ನೋವು ಬಂದು ಕೈ ಅಡ್ಡ ಹಿಡಿದ್ರೆ ಗಾಡಿ ನಿಲ್ಲುತ್ತೆ. ನಿಮ್ಮ ಮದುಮಗಳು, ನೀವು, ಬೀಗರು, ಎಲ್ಲರೂ ರಸ್ತೆಗೆ ಇಳೀಬೇಕು. ಮುಹೂರ್ತ ಮೀರಿದ್ರೂ ಇಳೀಬೇಕು."

ಅವರು ನಗಾಡಿದರು, ತಮಾಷೆ ಅಂದುಕೊಂಡು. ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿ, ಪೇಟ ಸರಿ ಮಾಡಿಕೊಂಡು, ಹಿಂದಿನವರ ಮುಖ ನೋಡಿದರು.

"ಒಪ್ಪಿಗೆ ಇದ್ರೆ ದಿನ ಹೇಳಿ," ಅಂದೆ. "ಇಲ್ಲಾಂದ್ರೆ ಬಸ್ ಸ್ಟ್ಯಾಂಡು ಇಲ್ಲೇ ಹತ್ರ."